ನೋಡದೆ ಕೊಳ್ಳುವ ಕಾರು: ಹಿರೋಷಿಮಾದ ರೋಟರಿ ಮತ್ತು ಹರಾಜಿನ ಚೀಟಿ



ಜಪಾನಿನ ಆನ್‌ಲೈನ್ ಹರಾಜಿನಲ್ಲಿ ಹಳೆಯ ಕಾರುಗಳನ್ನು ಹುಡುಕುತ್ತ ಹೋದರೆ ಮೂರು ಮಾತುಗಳು ಪದೇ ಪದೇ ಸಿಗುತ್ತವೆ. ‘ಗೆಂಜೋ’ ಅಂದರೆ ಇದ್ದ ಸ್ಥಿತಿಯಲ್ಲೇ ಮಾರಾಟ. ‘ಶೋರುಯಿ ಆರಿ’ ಅಂದರೆ ಕಾಗದಪತ್ರ ಉಂಟು. ‘ಬುಹಿನ್‌ತೋರಿ’ ಅಂದರೆ ಬಿಡಿಭಾಗ ಕಿತ್ತುಕೊಳ್ಳಲು ಮಾತ್ರ. ಕೆಟ್ಟು ನಿಂತ ಕಾರನ್ನು ಕೊಂಡು ಮತ್ತೆ ರಸ್ತೆಗೆ ತರಬೇಕೆನ್ನುವವರಿಗೆ ಈ ಮೂರು ಮಾತು ಗೊತ್ತಿರಲೇಬೇಕು. ಇಂದು ಹಿರೋಷಿಮಾದಲ್ಲಿ ಹುಟ್ಟಿದ ಅಂಥ ಕಾರುಗಳ ಕಥೆ, ಮತ್ತು ಅವನ್ನು ಕಣ್ಣಾರೆ ನೋಡದೆ ಕೊಳ್ಳುವ ಪದ್ಧತಿ ಬೆಳೆದ ಕಥೆ.

‘ಮಸಲ್ ಕಾರ್’ ಅಮೆರಿಕದ ಮಾತು. 1964ರ ಪಾಂಟಿಯಾಕ್ ಜಿಟಿಒ ಇದರ ಮೂಲಪುರುಷ ಎನ್ನುತ್ತಾರೆ. ಮಧ್ಯಮ ಗಾತ್ರದ ಕಾರು, ಅದರೊಳಗೆ ದೊಡ್ಡ ವಿ-8 ಎಂಜಿನ್. ಜಪಾನಿನಲ್ಲಿ ಅದು ನಡೆಯುವಂತಿರಲಿಲ್ಲ. ಕಾರಿನ ಉದ್ದ ಅಗಲ, ಎಂಜಿನ್ನಿನ ಸಿಸಿ ಹೆಚ್ಚಿದಷ್ಟೂ ತೆರಿಗೆ ಹೆಚ್ಚು. ಹೀಗಾಗಿ ಸಣ್ಣ ಎಂಜಿನ್ನಿನಿಂದಲೇ ಹೆಚ್ಚು ಶಕ್ತಿ ತೆಗೆಯುವ ದಾರಿ ಹುಡುಕಬೇಕಾಯಿತು. ಆ ದಾರಿಯೊಂದು ಸಿಕ್ಕಿದ್ದು ಹಿರೋಷಿಮಾದಲ್ಲಿ.

ಇಂದಿನ ಮಾಜ್ದಾ ಕಂಪನಿ 1920ರಲ್ಲಿ ಬಾಟಲಿ ಬಿರಡೆಯ ಕಾರ್ಕ್ ತಯಾರಿಸುವ ಕಾರ್ಖಾನೆಯಾಗಿ ಶುರುವಾಯಿತು. ಮುಂದೆ ಅದರ ಹೆಸರು ಟೋಯೋ ಕೋಗ್ಯೋ. 1931ರಲ್ಲಿ ಮೂರು ಚಕ್ರದ ಸಾಮಾನು ಗಾಡಿ ತಯಾರಿಸಿತು. 1945ರ ಆಗಸ್ಟ್ 6ರಂದು ಅಣುಬಾಂಬು ಬಿದ್ದಾಗ ಕಾರ್ಖಾನೆ ಇದ್ದದ್ದು ಊರಿನ ಪೂರ್ವಕ್ಕೆ, ಫುಚುವಿನಲ್ಲಿ. ನಡುವೆ ಹಿಜಿಯಾಮಾ ಗುಡ್ಡ ಅಡ್ಡ ನಿಂತಿದ್ದರಿಂದ ಕಟ್ಟಡಗಳು ಬಹುಮಟ್ಟಿಗೆ ಉಳಿದವು. ನೌಕರರು, ಅವರ ಮನೆಯವರು ಅನೇಕರು ಉಳಿಯಲಿಲ್ಲ. ನೆಲೆ ಕಳೆದುಕೊಂಡ ಹಿರೋಷಿಮಾ ಪ್ರಾಂತ್ಯದ ಸರ್ಕಾರಿ ಕಚೇರಿಗಳು ಕೆಲಕಾಲ ಈ ಕಾರ್ಖಾನೆಯಲ್ಲೇ ನಡೆದವು. ಅದೇ ವರ್ಷ ಡಿಸೆಂಬರಿನಲ್ಲಿ ಮೂರು ಚಕ್ರದ ಗಾಡಿಗಳು ಮತ್ತೆ ಹೊರಬಂದವು.

1960ರ ದಶಕದ ಆರಂಭದಲ್ಲಿ ಕಂಪನಿಗೆ ಇನ್ನೊಂದು ಸಂಕಟ ಎದುರಾಯಿತು. ಸಣ್ಣ ಕಾರು ಕಂಪನಿಗಳನ್ನು ದೊಡ್ಡವುಗಳ ಜೊತೆ ಸೇರಿಸಬೇಕೆಂದು ಜಪಾನ್ ಸರ್ಕಾರ ಯೋಚಿಸುತ್ತಿತ್ತು. ಬೇರೆ ಯಾರಲ್ಲೂ ಇಲ್ಲದ್ದೊಂದು ಕೈಯಲ್ಲಿದ್ದರೆ ಮಾತ್ರ ಉಳಿವು. ಅಧ್ಯಕ್ಷ ತ್ಸುನೆಜಿ ಮಾತ್ಸುದಾ ಜರ್ಮನಿಯ ಎನ್‌ಎಸ್‌ಯು ಕಂಪನಿಯಿಂದ ರೋಟರಿ ಎಂಜಿನ್ನಿನ ಪರವಾನಗಿ ತಂದರು. ಮೇಲೆ ಕೆಳಗೆ ಓಡುವ ಪಿಸ್ಟನ್ ಅದರಲ್ಲಿಲ್ಲ. ಮುಮ್ಮೂಲೆಯ ರೋಟರ್ ಒಂದು ಗೂಡಿನೊಳಗೆ ಸುತ್ತುತ್ತದೆ. ಆದರೆ ರೋಟರಿನ ತುದಿಯ ಸೀಲುಗಳು ಗೂಡಿನ ಒಳಗೋಡೆಯನ್ನು ಗೀರಿ ಹಾಳುಮಾಡುತ್ತಿದ್ದವು. ಆ ಗೀರುಗಳಿಗೆ ‘ದೆವ್ವದ ಉಗುರಿನ ಗುರುತು’ ಎಂದೇ ಹೆಸರಾಯಿತು. ಕೆನಿಚಿ ಯಾಮಾಮೊಟೊ ಮುಂದಾಳುತನದ 47 ಎಂಜಿನಿಯರುಗಳ ತಂಡ ಅಲ್ಯೂಮಿನಿಯಂ ಬೆರೆಸಿದ ಕಾರ್ಬನ್ ಸೀಲಿನಿಂದ ಇದಕ್ಕೆ ಉತ್ತರ ಕಂಡುಕೊಂಡಿತು. 1967ರ ಮೇ 30ರಂದು ಕಾಸ್ಮೊ ಸ್ಪೋರ್ಟ್ ಮಾರುಕಟ್ಟೆಗೆ ಬಂತು: 982 ಸಿಸಿ, 110 ಅಶ್ವಶಕ್ತಿ. 1972ರವರೆಗೆ ತಯಾರಾದದ್ದು 1,176 ಮಾತ್ರ. 1971ರಲ್ಲಿ ಸವಾನ್ನಾ, 1978ರಲ್ಲಿ ಆರ್‌ಎಕ್ಸ್-7 ಬಂದವು. ನಡುವೆ 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಕುಡಿಯುವ ಈ ಎಂಜಿನ್ ಕಂಪನಿಯನ್ನೇ ಮುಳುಗಿಸುವಂತಾಗಿ, ಸುಮಿತೊಮೊ ಬ್ಯಾಂಕ್ ಕೈಹಿಡಿಯಬೇಕಾಯಿತು.

ಹಾಗಾದರೆ ಈ ಕಾರುಗಳು ಹರಾಜಿಗೆ ಬರುವುದೇಕೆ? ಜಪಾನಿನಲ್ಲಿ ಹಳೆಯ ಕಾರು ಇಟ್ಟುಕೊಳ್ಳುವುದು ದುಬಾರಿ. ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆ ಎರಡು ವರ್ಷಕ್ಕೊಮ್ಮೆ. 13 ವರ್ಷ ದಾಟಿದ ಪೆಟ್ರೋಲ್ ಕಾರಿಗೆ ಹೆಚ್ಚು ತೆರಿಗೆ. ಸಾಲದ್ದಕ್ಕೆ ರೋಟರಿಯ ಸಿಸಿಯನ್ನು ತೆರಿಗೆಗಾಗಿ ಒಂದೂವರೆ ಪಟ್ಟು ಲೆಕ್ಕ ಹಾಕುತ್ತಾರೆ. ಎಷ್ಟೋ ಜನ ನೋಂದಣಿ ರದ್ದು ಮಾಡಿಸಿ ಕಾರನ್ನು ಕೊಟ್ಟಿಗೆಗೆ ತಳ್ಳುತ್ತಾರೆ. ಇತ್ತ ಅಮೆರಿಕದಲ್ಲಿ 25 ವರ್ಷ ತುಂಬಿದ ವಿದೇಶಿ ಕಾರಿಗೆ ಸುರಕ್ಷತಾ ನಿಯಮದ ವಿನಾಯಿತಿ ಇದೆ. ಹಾಗಾಗಿ ಜಪಾನಿನಲ್ಲಿ ಹೊರೆಯಾದ ಕಾರಿಗೆ ಕಡಲಾಚೆ ಗಿರಾಕಿಗಳು ಹುಟ್ಟಿಕೊಂಡರು.

ಆದರೆ ನೋಡದೆ ಕೊಳ್ಳುವ ಧೈರ್ಯ ಎಲ್ಲಿಂದ ಬಂತು? ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಈಗ ಮೊಬೈಲಿನಲ್ಲಿ ನಡೆದರೂ, ರೀಲರು ಗೂಡನ್ನು ಕೈಯಲ್ಲಿ ಹಿಡಿದು ನೋಡಿಯೇ ಬೆಲೆ ಕೂಗುವುದು. ಕಾರಿನ ವಿಷಯದಲ್ಲಿ ಜಪಾನ್ ಇಂಟರ್ನೆಟ್ಟಿಗೂ ಮೊದಲೇ ಬೇರೆ ದಾರಿ ಹಿಡಿದಿತ್ತು. 1985ರಲ್ಲಿ ಆಕ್‌ನೆಟ್ ಎಂಬ ಕಂಪನಿ ಕಾರುಗಳ ಚಿತ್ರಗಳನ್ನು ಲೇಸರ್ ಡಿಸ್ಕಿನಲ್ಲಿ ಡೀಲರುಗಳಿಗೆ ಕಳಿಸಿ, ಕಂಪ್ಯೂಟರ್ ಮೂಲಕ ಹರಾಜು ಕೂಗಿಸಿತು. ಮುಂದೆ ಚಿತ್ರಗಳು ಉಪಗ್ರಹದ ಮೂಲಕ ಬಂದವು. ಚಿತ್ರಕ್ಕಿಂತ ಮುಖ್ಯವಾದದ್ದು ಜೊತೆಗಿದ್ದ ಚೀಟಿ. ಮಾರುವವನೂ ಅಲ್ಲದ, ಕೊಳ್ಳುವವನೂ ಅಲ್ಲದ ಮೂರನೆಯ ತಜ್ಞನೊಬ್ಬ ಗಾಡಿ ಪರೀಕ್ಷಿಸಿ ಅಂಕ ಕೊಟ್ಟು, ಗೀರು, ತಗ್ಗು, ರಿಪೇರಿಗಳನ್ನು ಬರೆದಿಡುತ್ತಿದ್ದ. ಜನ ನಂಬಿದ್ದು ಆ ಚೀಟಿಯನ್ನು.

1999ರಲ್ಲಿ ಜಪಾನಿನ ಯಾಹೂ ಹರಾಜು ಶುರುವಾದ ಮೇಲೆ ಸಾಮಾನ್ಯರೂ ನೇರವಾಗಿ ಮಾರತೊಡಗಿದರು. ಅಲ್ಲಿ ಮೂರನೆಯ ತಜ್ಞನಿಲ್ಲ. ಚೀಟಿ ಬರೆಯುವವನು ಮಾರುವವನೇ. ‘ಗೆಂಜೋ’ ಎಂದು ಬರೆದ ಮೇಲೆ ಜಗಳಕ್ಕೆ ಜಾಗ ಕಡಿಮೆ. ಆದ್ದರಿಂದ ಬೆಲೆ ಕೂಗುವ ಮೊದಲೇ ಕೇಳಬೇಕು. ನೋಂದಣಿ ರದ್ದಾಗಿದ್ದರೆ ಅದರ ಪ್ರಮಾಣಪತ್ರ ಇದೆಯೇ? ಅದಿಲ್ಲದೆ ಕಾರನ್ನು ಮತ್ತೆ ರಸ್ತೆಗಿಳಿಸುವುದು ಬಲು ಕಷ್ಟ. ಎಂಜಿನ್ನಿನ ಕಂಪ್ರೆಷನ್ ಅಳೆದಿದ್ದಾರೆಯೇ? ರೋಟರಿಯಲ್ಲಿ ಪ್ರತಿ ರೋಟರಿನ ಮೂರೂ ಮುಖ ಅಳೆಯಬೇಕು, ಅದಕ್ಕೆ ಬೇರೆಯದೇ ಉಪಕರಣ ಬೇಕು. ಗಾಡಿಯ ಅಡಿಭಾಗದ ಫೋಟೊ ಕೊಡುತ್ತಾರೆಯೇ? ಮಿರಮಿರ ಬಣ್ಣದ ಕೆಳಗೆ ತುಕ್ಕು ತಿಂದ ತಳ ಇರಬಹುದು. ಇವುಗಳಿಗೆ ಉತ್ತರ ಬರದಿದ್ದರೆ ಅದನ್ನೂ ಉತ್ತರವೆಂದೇ ತಿಳಿಯಬೇಕು.

ಕೊನೆಗೆ ಬಿಡಿಭಾಗದ ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದ ಮೇಲೆ ಜಾವಾ, ಯೆಜ್ಡಿಗಳನ್ನು ಉಳಿಸಿದ್ದು ಅಭಿಮಾನಿಗಳು ಮತ್ತು ಬೀದಿಬದಿಯ ಮೆಕ್ಯಾನಿಕ್‌ಗಳು. ಹಿರೋಷಿಮಾದ ಕಾರ್ಖಾನೆ ಬಾಗಿಲು ಹಾಕಲಿಲ್ಲ. 2020ರಲ್ಲಿ ಮಾಜ್ದಾ ಎರಡನೆಯ, ಮೂರನೆಯ ತಲೆಮಾರಿನ ಆರ್‌ಎಕ್ಸ್-7ರ ಕೆಲವು ಬಿಡಿಭಾಗಗಳನ್ನು ಮತ್ತೆ ತಯಾರಿಸುವುದಾಗಿ ಹೇಳಿತು. 2023ರಲ್ಲಿ ರೋಟರಿ ಎಂಜಿನ್ ಕೂಡ ಮರಳಿತು, ಈ ಸಲ ಎಲೆಕ್ಟ್ರಿಕ್ ಕಾರಿನೊಳಗೆ ವಿದ್ಯುತ್ ಉತ್ಪಾದಿಸುವ ಕೆಲಸಕ್ಕೆ. ಕೆಟ್ಟು ನಿಂತ ಕಾರು ಕೊಳ್ಳುವವರು ಈ ಲೆಕ್ಕವನ್ನೂ ಹಾಕಬೇಕು. ಹರಾಜಿನ ಬೆಲೆ ಒಂದು ಸಲ ಕೊಡುವಂಥದ್ದು. ಬಿಡಿಭಾಗ ಹುಡುಕುವುದು ಮಾತ್ರ ಆ ಕಾರು ಮನೆಯಲ್ಲಿರುವಷ್ಟು ದಿನವೂ ಇದ್ದದ್ದೇ.