ಕವಲೊಡೆದ ಕಾಲದ ಗುರುತು: ಯಾದೃಚ್ಛಿಕತೆ ಮತ್ತು ಒಂಟಿ ಫೋಟಾನ್

ಆರ್.ಟಿ. ನಗರದಿಂದ ಬಳ್ಳಾರಿ ರಸ್ತೆ ದಾಟಿದರೆ, ಮೇಖ್ರಿ ವೃತ್ತದ ಆಚೆ, ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ ಇದೆ. ಅಲ್ಲಿನ ಉರ್ಬಸಿ ಸಿನ್ಹಾ ಮತ್ತು ಸಹಸಂಶೋಧಕರು ಒಂಟಿ ಫೋಟಾನ್‌ಗಳಿಂದ 9,19,118 ಯಾದೃಚ್ಛಿಕ ಬಿಟ್‌ಗಳನ್ನು ಸೆಕೆಂಡಿಗೆ 3,865ರಂತೆ ಪಡೆದು, ವಿವರವನ್ನು 2024ರಲ್ಲಿ ಪ್ರಕಟಿಸಿದರು. ಸುಮಾರು ನಾಲ್ಕು ನಿಮಿಷದ ಬೆಳೆ. ಸಮಾನಾಂತರ ಕಾಲಧಾರೆಗಳನ್ನು ಬೇರೆಬೇರೆ ಎಂದು ಗುರುತಿಸುವುದು ಸಾಧ್ಯವಾಗುವ ಘಟ್ಟವೂ ಯಾದೃಚ್ಛಿಕತೆ ಹುಟ್ಟುವ ಘಟ್ಟವೂ ಒಂದೇ ಎಂಬ ವಾದಕ್ಕೆ ಈ ಪ್ರಯೋಗ ಒಳ್ಳೆಯ ನೆಲೆ.

ಅಳತೆಯ ಎಲ್ಲ ಫಲಿತಾಂಶಗಳೂ ಒಂದೊಂದು ಕವಲಿನಲ್ಲಿ ನಡೆದೇ ತೀರುತ್ತವೆ ಎಂಬುದು ಭೌತವಿಜ್ಞಾನಿ ಹ್ಯೂ ಎವರೆಟ್ 1957ರಲ್ಲಿ ಮಂಡಿಸಿದ ನೋಟದ ತಿರುಳು. ನಾವು ಯಾವ ಕವಲಿನಲ್ಲಿದ್ದೇವೆ ಎನ್ನಲು ಗುರುತೇನು? ಕಂಪ್ಯೂಟರ್ ಪ್ರೋಗ್ರಾಂ ಉದುರಿಸುವ ಸಂಖ್ಯೆಗಳು ಕೆಲಸಕ್ಕೆ ಬಾರವು. ಆರಂಭದ ಬೀಜಸಂಖ್ಯೆ ಒಂದೇ ಆದರೆ ಎಲ್ಲ ಕವಲುಗಳಲ್ಲೂ ಅದೇ ಸರಣಿ. ಕ್ವಾಂಟಮ್ ದಾಖಲೆಯ ಮಾತು ಬೇರೆ. ಅಂಥ ಎರಡು ಸರಣಿಗಳ ಮೊದಲ 20 ಬಿಟ್‌ಗಳು ಹೊಂದುವ ಸಾಧ್ಯತೆ 10,48,576ರಲ್ಲಿ ಒಂದು. ಮೇಲಿನ ವೇಗದಲ್ಲಿ 20 ಬಿಟ್‌ಗಳಿಗೆ ಬೇಕಾದದ್ದು ಐದು ಮಿಲಿಸೆಕೆಂಡ್ ಚಿಲ್ಲರೆ.

ಆದರೆ ಆ ಬಿಟ್‌ಗಳು ಮೊದಲೇ ನಿಗದಿಯಾಗಿರಲಿಲ್ಲ ಎಂಬುದಕ್ಕೆ ಸಾಕ್ಷಿ ಬೇಕಲ್ಲ. ಅಂಥ ಸಾಕ್ಷಿ ಕೊಡಬಲ್ಲ 1964ರ ಬೆಲ್ ಅಸಮತೆಯನ್ನು ಒರೆಗೆ ಹಚ್ಚಲು ದೂರದಲ್ಲಿರುವ ಎರಡು ಕಣಗಳು ಬೇಕು. ಬೆಂಗಳೂರಿನ ತಂಡ ಆರಿಸಿಕೊಂಡದ್ದು 1985ರ ಲೆಗೆಟ್–ಗಾರ್ಗ್ ಅಸಮತೆಯನ್ನು; ಅದು ಒಂದೇ ಕಣವನ್ನು ಬೇರೆಬೇರೆ ಗಳಿಗೆಗಳಲ್ಲಿ ಪ್ರಶ್ನಿಸುತ್ತದೆ. ವಸ್ತು ಸದಾ ನಿಶ್ಚಿತ ಸ್ಥಿತಿಯಲ್ಲಿರುತ್ತದೆ, ಅದನ್ನು ಕದಡದೆ ಅಳೆಯಬಹುದು ಎಂದಾದರೆ ಆ ಅಳತೆಗಳ ಪರಸ್ಪರ ಸಂಬಂಧಗಳಿಂದ ಲೆಕ್ಕ ಹಾಕುವ ಒಂದು ಮೊತ್ತ 1ನ್ನು ಮೀರಬಾರದು. ಕ್ವಾಂಟಮ್ ಸಿದ್ಧಾಂತದಲ್ಲಿ ಅದು 1.5ರವರೆಗೆ ಏರಬಲ್ಲದು. ಕದಡದೆ ಅಳೆಯಲು ತಂಡ ಹೂಡಿದ ಉಪಾಯ ಸೊಗಸಾದದ್ದು: ಒಂದು ದಾರಿಗೆ ಅಡ್ಡಿ ಇಟ್ಟು, ಫೋಟಾನ್ ಕೊನೆಯಲ್ಲಿ ಸಿಕ್ಕರೆ ಅದು ಇನ್ನೊಂದು ದಾರಿಯಿಂದ ಬಂತೆಂದು ತಿಳಿಯುವುದು. ಈ ಅಸಮತೆಯ ಪರೀಕ್ಷೆಯಲ್ಲಿದ್ದ ಲೋಪದ್ವಾರಗಳನ್ನು ಇದೇ ಪ್ರಯೋಗಶಾಲೆ 2022ರ ಪ್ರಬಂಧದಲ್ಲೇ ಮುಚ್ಚಿತ್ತು.

ಕವಲುಗಳ ಗುರುತೂ ಯಾದೃಚ್ಛಿಕತೆಯೂ ಒಟ್ಟಿಗೇ ಹುಟ್ಟುತ್ತವೆ ಎಂಬ ವಾದದ ತಿರುಳು ಇಲ್ಲಿದೆ. ಎರಡು ತೋಳುಗಳ ಆದರ್ಶ ವ್ಯತಿಕರಣಮಾಪಕದಲ್ಲಿ ಫೋಟಾನ್ ಹಾದ ದಾರಿಯ ಸುಳಿವು ಎಲ್ಲೂ ದಾಖಲಾಗದಿದ್ದರೆ ಎಲ್ಲ ಫೋಟಾನ್‌ಗಳೂ ಒಂದೇ ದ್ವಾರದಿಂದ ಹೊರಬರುವಂತೆ ಹೊಂದಿಸಬಹುದು. ಆಗ ಫಲಿತಾಂಶ ಖಚಿತ, ಯಾದೃಚ್ಛಿಕತೆ ಸೊನ್ನೆ. ದಾರಿ ಪೂರ್ತಿ ಗೊತ್ತಾಗುವಂತಾದರೆ ವ್ಯತಿಕರಣ ಅಳಿದು, ಎರಡೂ ದ್ವಾರಗಳಿಗೆ ಅರ್ಧರ್ಧ ಸಾಧ್ಯತೆ. ನಡುವಿನ ಸ್ಥಿತಿಗಳೂ ಉಂಟು. ದಾರಿಯ ಅರಿವು ಮತ್ತು ವ್ಯತಿಕರಣ ಪಟ್ಟೆಗಳ ಸ್ಪಷ್ಟತೆ, ಇವುಗಳ ವರ್ಗಗಳ ಮೊತ್ತ 1ನ್ನು ಮೀರದು ಎಂದು ಭೌತವಿಜ್ಞಾನಿ ಎಂಗ್ಲರ್ಟ್ 1996ರಲ್ಲಿ ತೋರಿಸಿದರು.

ಇದರಿಂದ ಕವಲುಗಳು ನಿಜವೆಂದು ಸಾಬೀತಾಗುವುದಿಲ್ಲ. 1952ರ ಬೋಮ್ ಸಿದ್ಧಾಂತದಲ್ಲಿ ಕಣಕ್ಕೆ ಒಂದೇ ದಾರಿ, ಎಲ್ಲವೂ ಪೂರ್ವನಿಶ್ಚಿತ. ಆದರೂ ಅಂಕಿಅಂಶ ಅದೇ. ಎವರೆಟ್ ನೋಟವನ್ನು, ಅಳೆದಾಗ ಒಂದೇ ಫಲಿತಾಂಶ ಉಳಿಯುತ್ತದೆ ಎನ್ನುವ ತರಂಗಪತನದ ನೋಟದಿಂದ ಬೇರ್ಪಡಿಸಬಲ್ಲ ಪರೀಕ್ಷೆಯೊಂದನ್ನು ಡೇವಿಡ್ ಡಾಯ್ಚ್ 1985ರಲ್ಲಿ ಸೂಚಿಸಿದರು. ಅದರಲ್ಲಿ ವೀಕ್ಷಕನೇ ಒಂದು ಕ್ವಾಂಟಮ್ ಯಂತ್ರ. ಅಳೆದ ಬಳಿಕ ಅಳತೆಯನ್ನೇ ಹಿಂದಕ್ಕೆ ತಿರುಗಿಸಬೇಕು. ತನಗೆ ನಿಶ್ಚಿತ ಫಲಿತಾಂಶವೊಂದು ಕಂಡಿತು ಎಂದು ಆ ವೀಕ್ಷಕ ಬರೆದಿಡಬಹುದು. ಯಾವ ಫಲಿತಾಂಶ ಎಂಬುದು ಎಲ್ಲಿಯಾದರೂ ಒಂದು ಬಿಟ್‌ನಷ್ಟು ಉಳಿದರೂ ಕವಲುಗಳು ಮತ್ತೆ ಕೂಡುವುದಿಲ್ಲ, ಪರೀಕ್ಷೆ ಕೆಡುತ್ತದೆ.