ಪೊರೆಯಿಂದ ಪ್ರಾಣವಾಯುವಿನವರೆಗೆ: ಜೀವಕೋಶ ವಿಜ್ಞಾನ ನಡೆದ ದಾರಿ

ಬಿಡದಿ ಬಳಿಯ ಬೈರಮಂಗಲದ ಜಲಾಶಯವನ್ನು 1940ರ ದಶಕದಲ್ಲಿ ವೃಷಭಾವತಿಗೆ ಅಡ್ಡಲಾಗಿ ಕಟ್ಟಿದ್ದು ನೀರಾವರಿಗೆಂದು. ಬೆಂಗಳೂರು ಬೆಳೆದಂತೆ ಅದೇ ನದಿ ನಗರದ ಕೊಳಚೆಯನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ತರತೊಡಗಿತು. ಇಲ್ಲಿಗೆ ಹತ್ತಿರದ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ದೇಶಕ್ಕೇ ಹೆಸರಾದದ್ದು. ಕೆರೆ ಏಕೆ ಕೆಟ್ಟಿತು, ಹುಳು ಹೇಗೆ ನೂಲುತ್ತದೆ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಜೀವಕೋಶದ ಒಳಗಿದೆ. ಆ ಉತ್ತರ ಒಂದೇ ಸಲಕ್ಕೆ ಸಿಕ್ಕಿದ್ದಲ್ಲ. ಅದಕ್ಕೆ ಮೂರೂವರೆ ಶತಮಾನ ಹಿಡಿಯಿತು.

1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ತೆಳು ಹೋಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಸಾಲುಸಾಲು ಕೋಣೆಗಳನ್ನು ಕಂಡ. ಅವು ಸತ್ತ ಕೋಶಗಳ ಖಾಲಿ ಗೋಡೆಗಳು. ಅದಾದ ಕೆಲವೇ ವರ್ಷಗಳಲ್ಲಿ ಲೀವೆನ್‌ಹುಕ್ ನೀರಿನ ಹನಿಯಲ್ಲಿ ಓಡಾಡುವ ಜೀವಿಗಳನ್ನು ನೋಡಿದ. ಸಸ್ಯಗಳೆಲ್ಲ ಕೋಶಗಳಿಂದಾದವು ಎಂದು 1838ರಲ್ಲಿ ಶ್ಲೈಡನ್, ಪ್ರಾಣಿಗಳೂ ಹಾಗೆಯೇ ಎಂದು 1839ರಲ್ಲಿ ಶ್ವಾನ್ ಹೇಳಿದರು. ಕೋಶ ಹುಟ್ಟುವುದು ಇನ್ನೊಂದು ಕೋಶದಿಂದಲೇ ಎಂಬ ಮಾತನ್ನು 1855ರಲ್ಲಿ ವಿರ್ಚೋವ್ ಬಲವಾಗಿ ಮಂಡಿಸಿದ.

ಈ ಅರಿವು ರೇಷ್ಮೆ ರೈತರ ಮನೆಗೆ ಬಂದದ್ದು ಪಾಶ್ಚರ್ ಮೂಲಕ. 1865ರಲ್ಲಿ ಫ್ರಾನ್ಸಿನ ರೇಷ್ಮೆ ಬೆಳೆಯನ್ನು ನೆಲಕಚ್ಚಿಸಿದ್ದ ಪೆಬ್ರಿನ್ ರೋಗದ ಬೆನ್ನು ಹತ್ತಿದ ಆತ, ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ ಎಂದು ತೋರಿಸಿದ. ನಮ್ಮಲ್ಲಿ ಇದು ಗಂಟುರೋಗ. ಇಂದಿಗೂ ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಒಂದು ತೊಟ್ಟನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ನೋಡುತ್ತಾರೆ. ರೋಗ ತರುವ ಪರಾವಲಂಬಿಯ ಹೊಳೆಯುವ ಮೊಟ್ಟೆಯಾಕಾರದ ಕಣಗಳು ಕಂಡರೆ ಆ ಚಿಟ್ಟೆಯ ಮೊಟ್ಟೆಗಳನ್ನು ಸುಡುತ್ತಾರೆ. ಕೋಶವಿಜ್ಞಾನ ರೈತನಿಗೆ ಕೊಟ್ಟ ದೊಡ್ಡ ರಕ್ಷಣೆ ಇದು.

ಕೋಶದ ಗಡಿ ಯಾವುದರಿಂದ ಆಗಿದೆ ಎಂಬ ಪ್ರಶ್ನೆ ಆಮೇಲೆ ಬಂತು. ಕೊಬ್ಬಿನಲ್ಲಿ ಕರಗುವ ವಸ್ತುಗಳು ಕೋಶದೊಳಕ್ಕೆ ಸುಲಭವಾಗಿ ಹೋಗುತ್ತವೆಂದು ಗಮನಿಸಿದ ಓವರ್ಟನ್, ಪೊರೆಯೂ ಕೊಬ್ಬಿನಂಥದ್ದೇ ಇರಬೇಕೆಂದು 1890ರ ದಶಕದಲ್ಲಿ ಊಹಿಸಿದ. 1925ರಲ್ಲಿ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಕೊಬ್ಬನ್ನು ನೀರಿನ ಮೇಲೆ ಹರಡಿ ಅಳೆದರು. ಅದು ಕಣಗಳ ಮೇಲ್ಮೈಗಿಂತ ಎರಡರಷ್ಟು ಜಾಗ ಹಿಡಿಯಿತು. ಹಾಗಾದರೆ ಪೊರೆಯಲ್ಲಿರುವುದು ಎರಡು ಪದರ. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಆ ಪದರಗಳು ದ್ರವದಂತೆ ಚಲಿಸುತ್ತವೆ, ಅವುಗಳಲ್ಲಿ ಪ್ರೋಟೀನ್‌ಗಳು ತೇಲುತ್ತವೆ ಎಂಬ ಚಿತ್ರ ಕೊಟ್ಟರು. ಆ ಚಿತ್ರವನ್ನು ತಿದ್ದಿದವರಲ್ಲಿ ಬೆಂಗಳೂರಿನವರೂ ಇದ್ದಾರೆ: ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೆಲಸ ಮಾಡಿದ ಸತ್ಯಜಿತ್ ಮೇಯರ್. ಕೆಲವು ಪ್ರೋಟೀನ್‌ಗಳು ಪೊರೆಯಲ್ಲಿ ಎಲ್ಲೆಂದರಲ್ಲಿ ಹರಡಿರದೆ ಸಣ್ಣ ಗುಂಪು ಕಟ್ಟಿಕೊಂಡಿರುತ್ತವೆ ಎಂದು ಅವರ ಪ್ರಯೋಗಗಳು 1998ರಿಂದ ತೋರಿಸುತ್ತ ಬಂದಿವೆ.

ಕೊಳಚೆಯ ಸೋಪಿನ ಪುಡಿಯಿಂದ ಬೈರಮಂಗಲದ ಕೆರೆಯಲ್ಲಿ ಏಳುವ ನೊರೆಗೂ ಪೊರೆಗೂ ನೇರ ಸಂಬಂಧವಿದೆ. ಸೋಪಿನ ಪುಡಿಯ ಅಣುವಿಗೆ, ಪೊರೆಯ ಕೊಬ್ಬಿನ ಅಣುವಿನಂತೆಯೇ, ಒಂದು ತುದಿ ನೀರನ್ನು ಹಿಡಿದರೆ ಇನ್ನೊಂದು ತುದಿ ಜಿಡ್ಡನ್ನು ಹಿಡಿಯುತ್ತದೆ. ಹೀಗಾಗಿ ಅದು ಪೊರೆಯೊಳಗೆ ನುಸುಳಿ ಅದನ್ನು ಸಡಿಲಿಸಬಲ್ಲದು. ಪ್ರಯೋಗಾಲಯದಲ್ಲಿ ಕೋಶವನ್ನು ಒಡೆಯಲು ಇದೇ ಗುಣವನ್ನು ಬಳಸುತ್ತಾರೆ. ಇಂಥ ನೀರಿನಲ್ಲಿ ಮೊದಲು ಪೆಟ್ಟು ತಿನ್ನುವುದು ಮೀನಿನ ಕಿವಿರು.

ಕೋಶದೊಳಗಿನ ಕಣದಂಗಗಳು ಸ್ಪಷ್ಟವಾಗಿ ಕಂಡದ್ದು 20ನೆಯ ಶತಮಾನದಲ್ಲಿ. ಗಾಲ್ಗಿ 1898ರಲ್ಲಿ ಕಂಡ ಜಾಲ ನಿಜವೋ, ಬಣ್ಣ ಹಾಕಿದ್ದರಿಂದ ಮೂಡಿದ ಭ್ರಮೆಯೋ ಎಂಬ ವಾದ ದಶಕಗಟ್ಟಲೆ ನಡೆಯಿತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅದಕ್ಕೆ ತೆರೆ ಎಳೆಯಿತು. ಕೋಶದ ಈ ಒಳರಚನೆಯನ್ನು ಬಿಡಿಸಿ ತೋರಿಸಿದ ಕ್ಲಾಡ್, ಪಲಾಡೆ, ಡಿ ಡೂವ್ 1974ರಲ್ಲಿ ನೊಬೆಲ್ ಪಡೆದರು. ರೈಬೊಸೋಮಿನಲ್ಲಿ ತಯಾರಾದ ಪ್ರೋಟೀನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಗಳ ಜಾಲವನ್ನು ಹೊಕ್ಕು, ಗಾಲ್ಗಿ ದಾಟಿ ಹೊರಬೀಳುವ ದಾರಿಯನ್ನು ಪಲಾಡೆ ಗುರುತಿಸಿದ.

ಈ ದಾರಿಯನ್ನು ರೇಷ್ಮೆ ಗ್ರಂಥಿಯಲ್ಲಿ ನೋಡಬೇಕು. ಹುಳು ಮೊಟ್ಟೆಯೊಡೆದು ಬಂದ ಮೇಲೆ ಗ್ರಂಥಿಯ ಕೋಶಗಳ ಸಂಖ್ಯೆ ಹೆಚ್ಚುವುದಿಲ್ಲ. ಪ್ರತಿ ಕೋಶವೂ ಹಿಗ್ಗುತ್ತದೆ. ಕೋಶ ಒಡೆಯದೆಯೇ ಅದರ ಡಿಎನ್‌ಎ ಲಕ್ಷಾಂತರ ಪಟ್ಟು ನಕಲಾಗಿ, ಕೋಶಕೇಂದ್ರ ಕವಲೊಡೆದು ಹರಡಿಕೊಳ್ಳುತ್ತದೆ. ಹುಳುವಿನ ಬೆಳವಣಿಗೆಯ ಐದನೆಯ ಹಂತ ಮುಗಿಯುವ ಹೊತ್ತಿಗೆ ಹಿಂಭಾಗದ ಗ್ರಂಥಿ ಫೈಬ್ರೋಯಿನ್ ಅನ್ನು, ನಡುಭಾಗ ಅಂಟಿನಂಥ ಸೆರಿಸಿನ್ ಅನ್ನು ಸುರಿಸುತ್ತದೆ. 1972ರಲ್ಲಿ ಸುಜುಕಿ ಮತ್ತು ಬ್ರೌನ್ ಫೈಬ್ರೋಯಿನ್‌ನ ಸಂದೇಶವಾಹಕ ಆರ್‌ಎನ್‌ಎಯನ್ನು ಬೇರ್ಪಡಿಸಿದ್ದು ಈ ಗ್ರಂಥಿಯಿಂದಲೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ. ಪಿ. ಗೋಪಿನಾಥನ್ ರೇಷ್ಮೆಹುಳುವಿನ ವಂಶವಾಹಿಗಳ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದರು.

ಇಷ್ಟೆಲ್ಲ ದುಡಿಮೆಗೆ ಶಕ್ತಿ ಬೇಕು. ಆಹಾರ ಉರಿಯುವ ಚಕ್ರವನ್ನು ಕ್ರೆಬ್ಸ್ 1937ರಲ್ಲಿ ವಿವರಿಸಿದ. ಆ ಕೆಲಸ ನಡೆಯುವುದು ಮೈಟೊಕಾಂಡ್ರಿಯದಲ್ಲಿ ಎಂದು ಕೆನಡಿ ಮತ್ತು ಲೆನಿಂಜರ್ 1940ರ ದಶಕದ ಕೊನೆಯಲ್ಲಿ ತೋರಿಸಿದರು. ಅಲ್ಲಿ ಎಲೆಕ್ಟ್ರಾನ್ ಸಾಗಿಸುವ ಯುಬಿಕ್ವಿನೋನ್ ಬಗ್ಗೆ ಬೆಂಗಳೂರಿನಲ್ಲಿ ಟಿ. ರಾಮಶರ್ಮ ದೀರ್ಘಕಾಲ ಸಂಶೋಧನೆ ನಡೆಸಿದರು. ಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ಹೇಗೆ ತಯಾರಾಗುತ್ತದೆ ಎಂಬ ಒಗಟನ್ನು 1961ರಲ್ಲಿ ಮಿಚೆಲ್ ಬಿಡಿಸಿದ. ಕಟ್ಟೆಯ ಹಿಂದೆ ನಿಂತ ನೀರು ತೂಬಿನಲ್ಲಿ ನುಗ್ಗುವಂತೆ, ಪೊರೆಯ ಒಂದು ಬದಿಯಲ್ಲಿ ಕೂಡಿಬಿದ್ದ ಪ್ರೋಟಾನುಗಳು ಒಂದು ಕಿಣ್ವದ ಮೂಲಕ ಹಾಯುವಾಗ ಎಟಿಪಿ ಹುಟ್ಟುತ್ತದೆ. ಬಹಳ ಕಾಲ ಹಲವರು ಒಪ್ಪದ ಈ ವಿಚಾರಕ್ಕೆ 1978ರಲ್ಲಿ ನೊಬೆಲ್ ಬಂತು. ಗಂಟುರೋಗದ ಪರಾವಲಂಬಿಯ ಗುಂಪಿನಲ್ಲಿ ಮೈಟೊಕಾಂಡ್ರಿಯ ಕುಗ್ಗಿ ಕುರುಹಷ್ಟೇ ಉಳಿದಿದೆ ಎಂಬುದು ಈ ಶತಮಾನದ ಆರಂಭದಲ್ಲಿ ತಿಳಿಯಿತು. ಆ ಜೀವಿಗಳು ಆಶ್ರಯ ಕೊಟ್ಟ ಕೋಶದ ಎಟಿಪಿಯನ್ನೇ ಕದಿಯುತ್ತವೆ.

ಆಮ್ಲಜನಕವಿಲ್ಲದೆ ಒಂದು ಗ್ಲೂಕೋಸ್ ಅಣುವಿನಿಂದ ಸಿಗುವುದು 2 ಎಟಿಪಿ. ಇದ್ದರೆ ಸುಮಾರು 30ರಿಂದ 32. ಮೀನು ಬದುಕುವುದು ಈ ವ್ಯತ್ಯಾಸದ ಮೇಲೆ. ಕೊಳಚೆಯನ್ನು ತಿನ್ನುವ ಬ್ಯಾಕ್ಟೀರಿಯಗಳು ನೀರಿನ ಆಮ್ಲಜನಕವನ್ನು ಬರಿದುಮಾಡುತ್ತವೆ. ಅದು ಮುಗಿದ ಮೇಲೆ ಸಲ್ಫೇಟನ್ನು ಬಳಸುವ ಬೇರೆ ಬ್ಯಾಕ್ಟೀರಿಯಗಳು ಮೇಲುಗೈ ಪಡೆದು, ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಆ ಅನಿಲ ಮೈಟೊಕಾಂಡ್ರಿಯದಲ್ಲಿ ಆಮ್ಲಜನಕವನ್ನು ಬಳಸುವ ಕಿಣ್ವವನ್ನೇ ತಡೆಯುತ್ತದೆ. ಉಳಿದಷ್ಟು ಆಮ್ಲಜನಕವೂ ಹೀಗೆ ಉಪಯೋಗಕ್ಕೆ ಬಾರದು.

ಆದ್ದರಿಂದ ನೊರೆ ಇಳಿದ ಮಾತ್ರಕ್ಕೆ ಕೆರೆ ಬದುಕಿತೆನ್ನಲಾಗದು. ಸಂಸ್ಕರಿಸದ ಕೊಳಚೆಯನ್ನು ಕೆರೆಯ ಮಗ್ಗುಲಿನಿಂದ ತಿರುಗಿಸಿ ಮುಂದೆ ಬಿಟ್ಟರೆ ಅದೇ ಕೇಡು ಅರ್ಕಾವತಿಗೂ ಅಲ್ಲಿಂದ ಕಾವೇರಿಗೂ ದಾಟುತ್ತದೆ. ಮೀನು ಬಾಳುವ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಬೈರಮಂಗಲದ ಜನ ಯಾವುದೇ ಪುನಶ್ಚೇತನ ಯೋಜನೆಯ ಮುಂದೆ ಮೊದಲು ಕೇಳಬೇಕಾದದ್ದು ಈ ಅಂಕಿಯನ್ನೇ.