ಡಿಕನ್ಸ್ ನಡೆಸಿದ ಮನೆ

‘ಡೇವಿಡ್ ಕಾಪರ್‌ಫೀಲ್ಡ್’ ಓದಿದ ಶ್ರೋತೃಗಳಿಗೆ ಮಾರ್ಥಾ ಎಂಬ ಹುಡುಗಿಯ ನೆನಪಿರಬಹುದು. ಲಂಡನ್ನಿನ ಬೀದಿಪಾಲಾಗಿದ್ದ ಅವಳು ಕಡೆಗೆ ಹಡಗು ಹತ್ತಿ ಆಸ್ಟ್ರೇಲಿಯಕ್ಕೆ ಹೋಗಿ ಗೃಹಿಣಿಯಾಗುತ್ತಾಳೆ. ಇದು ಕಾದಂಬರಿಕಾರನ ಅನುಕೂಲಕ್ಕೆ ಒದಗಿದ ಮುಕ್ತಾಯವೆಂದು ತೋರಬಹುದು. ಆದರೆ ಆ ಕೃತಿ ಕಂತುಕಂತಾಗಿ ಹೊರಬರುತ್ತಿದ್ದ 1849–50ರಲ್ಲಿ ಅಂಥ ಹುಡುಗಿಯರು ನಿಜವಾಗಿಯೂ ಹಡಗು ಹತ್ತುತ್ತಿದ್ದರು. ಹತ್ತಿಸುತ್ತಿದ್ದವನು ಸ್ವತಃ ಡಿಕನ್ಸ್.

ಲಂಡನ್ನಿನ ಅಂಚಿನಲ್ಲಿದ್ದ ಷೆಪರ್ಡ್ಸ್ ಬುಷ್‌ನಲ್ಲಿ 1847ರ ನವೆಂಬರಿನಲ್ಲಿ ತೆರೆದ ಆ ಆಶ್ರಯಕ್ಕೆ ಯುರೇನಿಯಾ ಕಾಟೇಜ್ ಎಂದು ಹೆಸರು. ಹಣ ಏಂಜೆಲಾ ಬರ್ಡೆಟ್ ಕೂಟ್ಸ್ ಎಂಬ ಮಹಾ ಶ್ರೀಮಂತೆಯದು, ಓಡಾಟವೆಲ್ಲ ಡಿಕನ್ಸನದು. ಸೆರೆಮನೆಯ ಅಧಿಕಾರಿಗಳಲ್ಲಿ ಅವನಿಗೆ ಗೆಳೆಯರಿದ್ದರು. ಬಿಡುಗಡೆಯಾದರೆ ಹೋಗಲು ಎಡೆಯಿಲ್ಲದ ಹುಡುಗಿಯರನ್ನು ಅವರು ಅವನಲ್ಲಿಗೆ ಕಳುಹಿಸುತ್ತಿದ್ದರು. ಹನ್ನೆರಡನೆಯ ವಯಸ್ಸಿನಲ್ಲಿ, ಸಾಲಕ್ಕಾಗಿ ಸೆರೆಯಲ್ಲಿದ್ದ ತಂದೆಯನ್ನು ನೋಡಲು ಮಾರ್ಷಲ್‌ಸೀ ಬಂದೀಖಾನೆಗೆ ಎಡತಾಕಿದವನಿಗೆ ಆ ಬಾಗಿಲುಗಳ ಪರಿಚಯವನ್ನು ಬೇರೆ ಯಾರೂ ಮಾಡಿಕೊಡಬೇಕಾಗಿರಲಿಲ್ಲ.

ಒಮ್ಮೆಗೆ ಸುಮಾರು 13 ಮಂದಿಗೆ ಅಲ್ಲಿ ಸ್ಥಳ. ಓದು, ಬರಹ, ಅಡಿಗೆ, ಹೊಲಿಗೆ, ಒಗೆತ. ಸತ್ಯ, ದುಡಿಮೆ, ಸಿಟ್ಟಿನ ಹತೋಟಿ ಮುಂತಾದ ಒಂಬತ್ತು ಬಾಬುಗಳಿಗೆ ನಿತ್ಯವೂ ಅಂಕ. ಅಂಕ ಸೇರಿದಂತೆ ಹಣವೂ ಅವರ ಲೆಕ್ಕಕ್ಕೆ ಜಮೆಯಾಗುತ್ತಿತ್ತು. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಬಟ್ಟೆಯ ವಿಚಾರ. ಅನಾಥಾಲಯದ ಮಾಸಲು ಬಣ್ಣ ಕೂಡದು, ಕಣ್ಣಿಗೆ ಹಿತವಾದ ಬಣ್ಣವೇ ಬೇಕು ಎಂದು ಡಿಕನ್ಸ್ ಆ ಧರ್ಮನಿಷ್ಠೆಯೊಡನೆ ವಾದಕ್ಕೇ ನಿಂತ. ಉಪಕಾರ ಮಾಡುವವರಿಗೆ ಇಂಥದು ಹೊಳೆಯುವುದು ಅಪರೂಪ.

ಆದರೂ ತೋಟದ ಬಾಗಿಲಿಗೆ ಬೀಗವಿತ್ತು. ಕಾಗದಗಳನ್ನು ಒಡೆದು ಓದುತ್ತಿದ್ದರು. ಕೆಲವರು ಓಡಿಹೋದರೆ ಆಶ್ಚರ್ಯವೇನು? 1853ರಲ್ಲಿ ತನ್ನ ಪತ್ರಿಕೆಯಲ್ಲಿ ಹೆಸರು ಹಾಕದೆ ಬರೆದ ಲೇಖನದಲ್ಲಿ ಡಿಕನ್ಸ್ ಇದನ್ನು ಮರೆಮಾಚಿಲ್ಲ. ಅಲ್ಲಿಯವರೆಗೆ ಬಂದಿದ್ದ ಐವತ್ತಕ್ಕೂ ಮಿಕ್ಕಿದವರಲ್ಲಿ ಹೊರನಾಡಿನಲ್ಲಿ ನೆಲೆ ಕಂಡವರು 30 ಮಂದಿ, ಅವರಲ್ಲಿ ಮದುವೆಯಾದವರು 7.

ಹೊರನಾಡು! ಕಳ್ಳರನ್ನು ಆಸ್ಟ್ರೇಲಿಯಕ್ಕೆ ಗಡೀಪಾರು ಮಾಡುವ ಶಿಕ್ಷೆ ಪೂರ್ತಿ ನಿಂತದ್ದು 1868ರಲ್ಲಿ. ಶಿಕ್ಷೆ ಮುಗಿಸಿ, ತಿದ್ದಿಕೊಂಡು, ಅಂಕ ಗಳಿಸಿದವಳಿಗೂ ಆ ದೇಶ ತೋರಿಸಿದ್ದು ಅದೇ ಕಡಲದಾರಿಯನ್ನು. ಅವಳ ಊರಿನಲ್ಲಿ ಅವಳಿಗೆ ಒಂದು ಮನೆಗೆಲಸವೂ ಸಿಗದೆಂಬುದನ್ನು ಡಿಕನ್ಸ್ ಕೂಡ ಒಪ್ಪಿಕೊಂಡೇ ಹೊರಟಿದ್ದ.

ಪ್ರತಿಯೊಬ್ಬಳ ಪೂರ್ವಕಥೆಯನ್ನೂ ಅವಳ ಬಾಯಿಂದಲೇ ಕೇಳಿ ಅವನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಆಮೇಲೆ ಅವಳು ಅದನ್ನು ಜತೆಯವರ ಮುಂದೆ ಎತ್ತಕೂಡದು; ಮೇಲ್ವಿಚಾರಕಿಗೂ ಅದು ತಿಳಿಯಕೂಡದು. ಆ ಪುಸ್ತಕ ಇಂದಿಗೂ ಸಿಕ್ಕಿಲ್ಲ.